ಗಂಟಲಣ್ಣ ಕೊಟ್ಟ ಕೊನೆ

ನಾನು ಪುಸ್ತಕಗಳ ಬೆನ್ನು ಹೊಲಿದು ಬದುಕಿದವನು. ಅಕ್ಷರ ಕಲಿತದ್ದೂ ಆ ಹೊಲಿಗೆ ಬೆಂಚಿನ ಮೇಲೆಯೇ. ಬೆತ್ತ ತೋರಿಸಿದ ಮೇಷ್ಟ್ರು ಯಾರೂ ಇಲ್ಲ. ಹಾಗಾಗಿ ಇದರಲ್ಲಿ ನುಣುಪು ಹುಡುಕಬೇಡಿ. ನೂಲು ಗಟ್ಟಿಯಿದೆಯೋ ಇಲ್ಲವೋ ಎಂದು ಎಳೆದು ನೋಡಿ, ಅಷ್ಟು ಸಾಕು. ಹೇಳಬೇಕಾಗಿರುವುದು ನನ್ನ ಸಂಗತಿಯಲ್ಲ, ಗಂಟಲಣ್ಣನದು.

ಅವನಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಎಲ್ಲರಿಗೂ ಅವನು ಗಂಟಲಣ್ಣ. ಆಳು ನೋಡಿದರೆ ಒಣಗಿದ ಸೌದೆ. ಬಾಯಿ ತೆರೆದರೆ ತುಂಬಿದ ಹಂಡೆಯೊಳಗಿಂದ ಬಂದಂಥ ದನಿ. ದೇವರು ಇಬ್ಬರಿಗೆ ಹಂಚಬೇಕಾದ ಮೈಯನ್ನೂ ದನಿಯನ್ನೂ ಕೈತಪ್ಪಿ ಅದಲುಬದಲು ಮಾಡಿದ್ದಾನೆ, ಇನ್ನೆಲ್ಲೋ ಒಬ್ಬ ಪೈಲವಾನ ಇಲಿಯ ಹಾಗೆ ಕಿಚಗುಟ್ಟುತ್ತಿರಬೇಕು ಎಂದು ನಮ್ಮ ಕತ್ತರಿ ಯಂತ್ರದವನು ಆಡಿಕೊಳ್ಳುತ್ತಿದ್ದ.

ನಮ್ಮದು ಪುಸ್ತಕಗಳಿಗೆ ರಟ್ಟು ಕಟ್ಟುವ ಖಾನೆ. ಮಹಡಿಯ ಮೇಲೆ ಉದ್ದನೆಯ ಹಜಾರ. ಕಿಟಕಿಗಳು ಆಳೆತ್ತರಕ್ಕಿಂತ ಮೇಲಿದ್ದುದರಿಂದ ಬೆಳಕು ಒಳಗೆ ಬರುತ್ತಿತ್ತು, ಕಣ್ಣು ಹೊರಗೆ ಹೋಗುತ್ತಿರಲಿಲ್ಲ. ಹಿಂದಿನ ಬೀದಿಯ ಅಚ್ಚುಕೂಟದಿಂದ ಮುದ್ರಿಸಿದ ಹಾಳೆಗಳು ಕೈಗಾಡಿಯಲ್ಲಿ ಬರುತ್ತಿದ್ದವು. ಒಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ. ಅದನ್ನು ನಾವು ಫಾರಂ ಎನ್ನುತ್ತಿದ್ದೆವು. ಮಡಚದ ಫಾರಂ ನೋಡಿದರೆ ತಲೆ ಕೆಟ್ಟವರು ಅಚ್ಚು ಹಾಕಿದಂತಿರುತ್ತದೆ. ಕೆಲವು ಪುಟ ನೆಟ್ಟಗೆ, ಕೆಲವು ತಲೆಕೆಳಗು, ಮೊದಲನೆಯ ಪುಟದ ಮಗ್ಗುಲಲ್ಲೇ ಕೊನೆಯ ಪುಟ. ಸರಿಯಾಗಿ ಮಡಚಿದರೆ ಮಾತ್ರ ಅದಕ್ಕೆ ಬುದ್ಧಿ ಬರುತ್ತದೆ. ಎರಡು ಉದ್ದ ಮೇಜುಗಳ ಸುತ್ತ ಕೂತ ಹೆಂಗಸರು ಈ ಹಾಳೆಗಳನ್ನು ಮಡಚಿ, ಬಿದಿರು ಪಟ್ಟಿಯಿಂದ ಮಡಿಕೆ ತೀಡಿ ಅಡಕುತ್ತಿದ್ದರು. ಅವರಲ್ಲಿ ಬಹಳ ಮಂದಿಗೆ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಪುಟದ ಸಂಖ್ಯೆ ನೋಡಿ ಮಡಚಲು ಅಷ್ಟೇ ಸಾಕಾಗಿತ್ತು. ಅಲ್ಲಿಂದ ಕಟ್ಟುಗಳು ನನ್ನ ಬೆಂಚಿಗೆ ಹೊಲಿಗೆಗೆ ಬರುತ್ತಿದ್ದವು. ನೆಲಮಾಳಿಗೆಯಲ್ಲಿ ಅಂಟು ಬೇಯುತ್ತಿತ್ತು. ಅದರ ಕಮಟು ನಾತ ಮೆಟ್ಟಿಲು ಹತ್ತಿ ಎಲ್ಲರ ಬಟ್ಟೆಯಲ್ಲಿ ಮನೆ ಮಾಡಿಕೊಂಡಿತ್ತು.

ಗಂಟಲಣ್ಣ ಮೊದಲು ಆ ನೆಲಮಾಳಿಗೆಯಲ್ಲೇ ಅಂಟು ತಿರುವುತ್ತಿದ್ದವನು. ಒಂದು ದಿನ ಅಂಟಿನ ಪಾತ್ರೆ ಹೊತ್ತು ಮೇಲೆ ಬಂದವನು ನೆಲದಲ್ಲಿ ಬಿದ್ದಿದ್ದ ಕೆಟ್ಟ ಹಾಳೆಯೊಂದನ್ನು ಎತ್ತಿ ತನ್ನಷ್ಟಕ್ಕೆ ಓದಿಕೊಂಡ. ತನ್ನಷ್ಟಕ್ಕೆ ಎಂದು ಅವನು ಅಂದುಕೊಂಡಿದ್ದ, ಆ ದನಿ ಅಡಗುವಂಥದ್ದೇ? ಹಜಾರವೆಲ್ಲ ಸದ್ದಡಗಿ ಕೇಳಿತು. ಅಲ್ಲಿಯವರೆಗೆ ಅತ್ತೆ ಸೊಸೆ ಜಗಳ, ನಾದಿನಿ ಮಾತು ಎಂದು ಗೊಜಗೊಜ ಎನ್ನುತ್ತಿದ್ದ ಮೇಜುಗಳಲ್ಲಿ ಆ ದಿನ ಮಡಚಿದ ಹಾಳೆಗಳ ಅಟ್ಟಿ ಎತ್ತರವಾಗಿತ್ತು. ಯಜಮಾನರು ವ್ಯಾಪಾರ ಬಲ್ಲವರು. ಮರುದಿನದಿಂದ ಗಂಟಲಣ್ಣನಿಗೆ ಹಜಾರದ ನಡುವೆ ಒಂದು ಎತ್ತರದ ಸ್ಟೂಲು ಬಂತು. ಅವನ ಪಾಲಿನ ಅಂಟಿನ ಕೆಲಸವನ್ನು ಮಿಕ್ಕವರು ಹಂಚಿಕೊಂಡು ಮಾಡಬೇಕು, ಅವನು ಓದಬೇಕು.

ಅಂದಂದು ಬಂದ ಫಾರಂ ಅಂದಂದು ಓದು. ಕತೆ ನಡುವೆ ಫಾರಂ ಮುಗಿದರೆ ಕತೆಯೂ ಅಲ್ಲೇ ನಿಲ್ಲುತ್ತಿತ್ತು. ಕೊಲೆಗಾರ ಕತ್ತಿ ಎತ್ತಿದವನು ಮರುದಿನದ ಕೈಗಾಡಿ ಬರುವವರೆಗೂ ಎತ್ತಿಕೊಂಡೇ ನಿಂತಿರುತ್ತಿದ್ದ. ಈ ಓದಿಗೆ ಗಂಟಲಣ್ಣ ತಾನೇ ಒಂದು ಕಟ್ಟು ಹಾಕಿಕೊಂಡಿದ್ದ: ಹಾಳೆಯಲ್ಲಿರುವುದನ್ನು ಬಿಡುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಕತೆಗೆ ಒಗ್ಗರಣೆ ಹಾಕುವವನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಕತೆ ಮುಗಿದ ಮೇಲೆ ವಿಮರ್ಶೆ. ಆ ಮಾತು ದೊಡ್ಡವರದು. ನಾವು ‘ತೂಕಕ್ಕೆ ಹಾಕೋದು’ ಎನ್ನುತ್ತಿದ್ದೆವು. ಯಾರು ಬೇಕಾದರೂ ತಮಗೆ ತೋಚಿದ್ದನ್ನು ಹೇಳಬಹುದು, ಕೊನೆಯ ಮಾತು ಮಾತ್ರ ಗಂಟಲಣ್ಣನದು.

ಆ ವರ್ಷ ಹಳೆಯ ಕಾಲದ, ನಾನಾ ದೇಶಗಳ ಸಣ್ಣ ಕತೆಗಳ ದಪ್ಪ ಪುಸ್ತಕವೊಂದು ಕೆಲಸಕ್ಕೆ ಬಂತು. ಅರ್ಧ ಕುಟುಕುವ ಕತೆಗಳು, ಅರ್ಧ ಹೆದರಿಸುವ ಕತೆಗಳು. ಒಂದರಲ್ಲಿ ಊರಿನವರು ತಮ್ಮ ಮುಖಂಡನಿಗೆ ಪ್ರತಿಮೆ ನಿಲ್ಲಿಸುತ್ತಾರೆ. ಮರ್ಯಾದೆ ಹೆಚ್ಚಲೆಂದು ಪೀಠವನ್ನು ಏರಿಸುತ್ತ ಏರಿಸುತ್ತ ಹೋಗುತ್ತಾರೆ. ಕೆಳಗಿನಿಂದ ತಲೆ ಕಾಣುವುದಿಲ್ಲವೆಂದು ಗೊತ್ತಾದಾಗ ಶಿಲ್ಪಿ ತಲೆಯನ್ನೇ ಕೆತ್ತದೆ ಬಿಡುತ್ತಾನೆ. ಊರಿಗೆ ಅದು ಇಂದಿಗೂ ತಿಳಿದಿಲ್ಲ. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಗಂಟಲಣ್ಣ ನಗಲಿಲ್ಲ. ಇದನ್ನು ಬರೆದವನು ನಗುತ್ತ ಬರೆದಿಲ್ಲ, ಹಲ್ಲು ಕಚ್ಚಿಕೊಂಡು ಬರೆದಿದ್ದಾನೆ ಎಂದ. ಇನ್ನೊಂದರಲ್ಲಿ ಕ್ಷೌರಿಕನೊಬ್ಬ ಸತ್ತವನ ಗಡ್ಡ ಬೋಳಿಸುತ್ತಾನೆ. ಬಟ್ಟೆ ಒದರಿ ತಿರುಗುವಷ್ಟರಲ್ಲಿ ಗಡ್ಡ ಮತ್ತೆ ಬೆಳೆದಿರುತ್ತದೆ. ಹೀಗೆ ಬೆಳಗಿನತನಕ. ಹೆಣದಿಂದ ಕೂಲಿ ಹೇಗೆ ವಸೂಲಿ ಮಾಡ್ತಾನಪ್ಪ ಎಂದು ಹೆಂಗಸರಲ್ಲಿ ಒಬ್ಬಳಿಗೆ ಚಿಂತೆ. ಗಂಟಲಣ್ಣ ತೂಗಿದ್ದು ಬೇರೆ ರೀತಿ: ಗಡ್ಡ ಬೆಳೆದದ್ದು ಹೆದರಿಕೆಯಲ್ಲ, ಅವನು ಪ್ರತಿ ಸಲವೂ ಕತ್ತಿ ಮಸೆದುಕೊಂಡು ಮತ್ತೆ ಕೂತನಲ್ಲ, ಹೆದರಬೇಕಾದದ್ದು ಅದಕ್ಕೆ.

ಹೀಗೆ ನಡೆಯುತ್ತಿದ್ದಾಗ ಬಾವಿ ತೋಡುವವನ ಕತೆ ಬಂತು.

ಒಬ್ಬ ಬಾವಿ ತೋಡುತ್ತಿರುತ್ತಾನೆ. ಆಳಕ್ಕೆ ಇಳಿದಾಗ ಮೇಲಿನ ಮಣ್ಣು ಕುಸಿದು ಅವನನ್ನು ಮುಚ್ಚುತ್ತದೆ. ಅಗೆಯಲು ಹೋದವರಿಗೆ ಅಡಿಯಿಂದ ಟಕ್ ಟಕ್ ಎಂದು ಹಾರೆಯಿಂದ ಕುಟ್ಟುವ ಸದ್ದು ಕೇಳುತ್ತದೆ. ಊರ ಯಜಮಾನ ಬರುತ್ತಾನೆ. ಅಗೆದರೆ ಇನ್ನೂ ನಾಲ್ಕು ಜನ ಹೋಗುತ್ತಾರೆ, ಮುಚ್ಚಿಬಿಡಿ ಎನ್ನುತ್ತಾನೆ. ಮುಚ್ಚುತ್ತಾರೆ. ಆಮೇಲೆ ಆ ಸದ್ದು ಊರಿನ ಮನೆಮನೆಯ ನೆಲದಡಿ ಕೇಳತೊಡಗುತ್ತದೆ. ಇಷ್ಟಕ್ಕೆ ಫಾರಂ ಮುಗಿಯಿತು.

ಗಂಟಲಣ್ಣ ಹಾಳೆ ಕೆಳಗಿಟ್ಟ. ಆಗ ಮೇಜಿನ ತುದಿಯಿಂದ ಗಣಿಯಕ್ಕ ಮಾತಾಡಿದಳು.

ಗಣಿಯಕ್ಕ ಎಂದರೆ ಗಣಿಯ ಊರಿನಿಂದ ಬಂದವಳು. ಗಂಡ ಇಲ್ಲ ಎಂಬುದಷ್ಟೇ ನಮಗೆ ಗೊತ್ತಿತ್ತು. ಬಾಯಿಗೆ ಬೀಗ ಹಾಕಿ ಬೀಗದ ಕೈ ಎಸೆದವಳು ಎಂದು ಕತ್ತರಿಯವನು ಅನ್ನುತ್ತಿದ್ದ. ಅವಳು ಅಂದಳು:

“ನಮ್ಮೋರೂ ಕುಟ್ತಿದ್ರಂತೆ.”

ಆಮೇಲೆ ತಡೆತಡೆದು ಹೇಳಿದಳು. ಗಣಿಯ ಸುರಂಗ ಕುಸಿದು ಗಂಡ ಒಳಗೇ ಉಳಿದ. ಒಳಗಿನಿಂದ ಕುಟ್ಟುವ ಸದ್ದು ಬರುತ್ತಿತ್ತು ಎಂದು ಕೆಲವರು, ಅದು ಮರದ ತೊಲೆಗಳು ಬಿರಿಯುವ ಸದ್ದು ಎಂದು ಇನ್ನು ಕೆಲವರು. ವಿಷಗಾಳಿ ಎದ್ದಿದೆ ಎಂದು ಗಣಿಯವರು ಸುರಂಗದ ಬಾಯಿಗೆ ಇಟ್ಟಿಗೆ ಕಟ್ಟಿಸಿಬಿಟ್ಟರು. ಅವತ್ತಿನಿಂದ ಅವಳಿಗೆ ಮಲಗಿದರೆ ನೆಲದಡಿ ಕುಟ್ಟಿದಂತೆ ಆಗುತ್ತದೆ. ನಿನ್ನ ನಾಡಿಯೇ ನಿನ್ನ ಕಿವಿಗೆ ಬೀಳುತ್ತಿದೆ ಎಂದರಂತೆ ಡಾಕ್ಟರು. ಅದಕ್ಕೇ ರಾತ್ರಿ ಮಲಗದೆ ಕೂತೇ ಕಣ್ಣು ಮುಚ್ಚುತ್ತಾಳೆ.

“ಅವನು ಬೇಗ ಹೋದ್ನೋ, ಅಲ್ಲೇ ಇದ್ದು ಇದ್ದು ಹೋದ್ನೋ, ನಾಳೆ ಓದೋದ್ರಲ್ಲಿ ಬರುತ್ತಲ್ಲ ಅಣ್ಣಾ?” ಎಂದು ಕೇಳಿದಳು. ಅವಳು ಕೇಳಿದ್ದು ಬಾವಿಯವನನ್ನೋ, ಗಂಡನನ್ನೋ, ಅವಳಿಗೇ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹೊಸ ಫಾರಂನ ಕಟ್ಟು ಬಿಚ್ಚುವಾಗ ನಾನೂ ಅವನೂ ಇಬ್ಬರೇ. ಮೇಲಿನ ಹಾಳೆಯನ್ನು ಎತ್ತಿ ಓದಿದವನು ನನಗೆ ಕೊಟ್ಟ. ಓದಿದೆ. ಆ ಬಾವಿಯವನು ಬೇಗ ಹೋಗಿರಲಿಲ್ಲ. ಅದಕ್ಕಿಂತ ಹೆಚ್ಚು ಈಗ ಹೇಳುವುದಿಲ್ಲ. ಅದು ಹಗೆಯವರ ಮನೆಯ ವಿಧವೆಗೂ ಓದಿ ಹೇಳುವಂಥ ಕೊನೆಯಾಗಿರಲಿಲ್ಲ.

ಈ ಕತೆಯನ್ನು ಬಿಟ್ಟು ಮುಂದಿನದಕ್ಕೆ ಹೋಗು ಎಂದೆ.

“ಬಿಟ್ರೆ ಅವಳ ತಲೇಲಿ ಅದು ಕುಟ್ತಾನೇ ಇರುತ್ತೆ ಕಣೋ. ಅವಳಿಗೆ ಒಂದು ಕೊನೆ ಬೇಕು,” ಎಂದ.

ಆ ಹೊತ್ತು ಅವನು ಓದಿದ್ದು ಹೀಗೆ. ಊರಿಗೆ ಒಬ್ಬ ಮುದುಕ ಬರುತ್ತಾನೆ. ಇದು ಮನುಷ್ಯ ಕುಟ್ಟುವ ಸದ್ದಲ್ಲ, ಅಡಿಯಲ್ಲಿ ಹರಿಯುವ ನೀರು ಸಡಿಲವಾದ ಕಲ್ಲನ್ನು ತಳ್ಳುವ ಸದ್ದು ಎನ್ನುತ್ತಾನೆ. ಅಗೆದು ನೋಡುತ್ತಾರೆ. ಬಾವಿಯವನು ಹಾರೆ ಹಿಡಿದ ಕೈ ಹಿಡಿದ ಹಾಗೇ, ನಿದ್ದೆ ಹೋದವನಂತೆ ಇರುತ್ತಾನೆ. ಮಣ್ಣು ಬಿದ್ದದ್ದು ಅವನಿಗೆ ತಿಳಿದೇ ಇರಲಿಲ್ಲ.

ದನಿ ಎಲ್ಲೂ ತಡವರಿಸಲಿಲ್ಲ. ಆದರೆ ಕಣ್ಣು ಹಾಳೆಯ ಒಂದೇ ಜಾಗದಲ್ಲಿ ನೆಟ್ಟಿದ್ದನ್ನು ನಾನು ಕಂಡೆ. ಕತೆ ತೂಕಕ್ಕೆ ಬಂದಾಗ ಕತ್ತರಿಯವನು, ಇಷ್ಟು ಹೆದರಿಸಿ ಕೊನೆಗೆ ನೀರು ಕುಡಿಸಿಬಿಟ್ಟನಲ್ಲ, ಸಪ್ಪೆ ಎಂದ. ಬೇರೆ ದಿನವಾಗಿದ್ದರೆ ಅಂಥ ಕೊನೆಯನ್ನು ಗಂಟಲಣ್ಣ ಎಳೆ ಎಳೆ ಬಿಡಿಸಿ ಒಣಗಹಾಕುತ್ತಿದ್ದ. ಅವತ್ತು ಚೆನ್ನಾಗಿದೆ ಎಂದಷ್ಟೇ ಹೇಳಿ ಮುಖ ತಿರುಗಿಸಿದ. ಗಣಿಯಕ್ಕ ಹಾಳೆ ಮಡಚಿದಳು, ಪಟ್ಟಿ ತೀಡಿದಳು, ಇನ್ನೊಂದು ಎತ್ತಿಕೊಂಡಳು.

ಮಧ್ಯಾಹ್ನ ಅದೇ ಫಾರಂನ ಮುಂದಿನ ಕತೆ. ಅದು ಕುಟುಕುವ ಜಾತಿಯದು. ಅರಮನೆಯ ಕಣಜ ದಿನೇ ದಿನೇ ಬರಿದಾಗುತ್ತಿರುತ್ತದೆ. ಕಣಜದ ಅಧಿಕಾರಿ ಸಂಜೆ ಬಾಗಿಲಲ್ಲಿ ನಿಂತು, ಮನೆಗೆ ಹೊರಟ ಪ್ರತಿಯೊಬ್ಬ ಹಮಾಲಿಯ ಬಾಯಿಯನ್ನೂ ಮೂಸಿ ನೋಡುತ್ತಾನೆ. ಒಬ್ಬನೂ ಸಿಕ್ಕಿಬೀಳುವುದಿಲ್ಲ. ಕಡೆಗೆ ರಾಜನ ಕುರುಡಿ ಅಜ್ಜಿ, ನಾನೂ ಮೂಸಿ ನೋಡುತ್ತೇನೆ ಎಂದು ಬಂದು ಕೂರುತ್ತಾಳೆ. ಹಮಾಲಿಗಳೆಲ್ಲ ದಾಟಿ ಹೋದರೂ ಅವಳು ಸುಮ್ಮನಿರುತ್ತಾಳೆ. ಅಧಿಕಾರಿ ಹತ್ತಿರ ಬಂದಾಗ ಅವನ ಕೆನ್ನೆ ಸವರಿ, ‘ಈ ಮಗು ಚೆನ್ನಾಗಿ ತಿಂದಿದೆ’ ಎನ್ನುತ್ತಾಳೆ.

ಹಜಾರ ಬಿದ್ದು ಬಿದ್ದು ನಕ್ಕಿತು. ನಕ್ಕಿದ್ದಕ್ಕೆ ಕಾರಣ ನಮ್ಮ ಮೇಸ್ತ್ರಿ. ಅಂಟಿಗೆಂದು ತಂದ ಹಿಟ್ಟನ್ನು ಹೆಂಗಸರು ಮನೆಗೆ ಸಾಗಿಸುತ್ತಾರೆಂದು ಅವನಿಗೆ ಗುಮಾನಿ. ಸಂಜೆ ಬಾಗಿಲಲ್ಲಿ ನಿಂತು ಎಲ್ಲರ ಕೈ ಮೂಸುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಅವನು ಮೆಟ್ಟಿಲ ತುದಿಯಲ್ಲಿ ನಿಂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ಮುಟ್ಟಿಕೊಂಡದ್ದು ತನ್ನ ಕೆನ್ನೆಯನ್ನು. ಹಾಗೇ ಇಳಿದುಹೋದ. ಅವತ್ತಿನಿಂದ ಅವನು ಬೆನ್ನು ತಿರುಗಿಸಿದರೆ ಸಾಕು, ಮೇಜಿನಿಂದ ಮೇಜಿಗೆ ‘ಮಗು ಚೆನ್ನಾಗಿ ತಿಂದಿದೆ’ ಹಾರಾಡುತ್ತಿತ್ತು. ಯಜಮಾನರು ಊರಲ್ಲಿ ಇಲ್ಲದ್ದರಿಂದ ಅವನು ಹಲ್ಲು ಕಚ್ಚಿಕೊಂಡು ಕಾದ.

ಆ ದಿನಗಳಲ್ಲಿ ಗಣಿಯಕ್ಕ ಬೇರೆಯವಳಾದಳು. ಕಣ್ಣ ಕೆಳಗಿನ ಕಪ್ಪು ತಿಳಿಯಾಯಿತು. ಊಟದ ಡಬ್ಬಿ ತಂದು ಮಿಕ್ಕವರ ಜೊತೆ ಕೂತಳು. ಒಂದು ಬೆಳಗ್ಗೆ ತಡವಾಗಿ ಬಂದು, ಎಚ್ಚರವೇ ಆಗಲಿಲ್ಲ ಎಂದು ನಾಚಿಕೊಂಡು ಹೇಳಿದಳು. ನಿದ್ದೆ ಮಾಡಿದ್ದಕ್ಕೆ ನಾಚಿಕೊಂಡವರನ್ನು ನಾನು ಅದೊಂದೇ ಸಲ ನೋಡಿದ್ದು. ಗಂಟಲಣ್ಣ ಸ್ಟೂಲಿನ ಮೇಲಿನಿಂದ ಅವಳನ್ನೇ ನೋಡುತ್ತಿದ್ದ, ತಾನು ನೆಟ್ಟ ಸಸಿ ಚಿಗುರಿತೇ ಎಂದು ನೋಡುವವನ ಹಾಗೆ. ಕತೆ ಬದಲಿಸಿದ್ದರ ಅಳುಕು ಅವನಿಗೆ ಇತ್ತು. ಆದರೆ ಅವಳ ಮುಖ ನೋಡಿದಾಗಲೆಲ್ಲ ಅದು ಇಳಿದುಹೋಗುತ್ತಿತ್ತು.

ಯಜಮಾನರು ಬಂದರು. ಮೇಸ್ತ್ರಿ ದೂರು ಕೊಟ್ಟ. ಯಜಮಾನರು ಅವನನ್ನು ಕರೆದುಕೊಂಡು ಹಜಾರಕ್ಕೇ ಬಂದರು, ಹಿಂದೆ ಗುಮಾಸ್ತ.

“ಪುಸ್ತಕದಲ್ಲಿ ಇಲ್ಲದ್ದನ್ನ ಇವನು ನನ್ನ ಮೇಲೆ ಕಟ್ಟಿ ಓದಿದಾನೆ ಯಜಮಾನ್ರೇ. ನನ್ನನ್ನ ಕಳ್ಳ ಅಂದಿದಾನೆ,” ಎಂದ ಮೇಸ್ತ್ರಿ. ನಾವು ಬರೀ ನಕ್ಕಿದ್ದೆವು. ಅವನಿಗೆ ಅದು ನಾಟಿತ್ತು.

ಇಲ್ಲ, ಅದು ಪುಸ್ತಕದ್ದೇ, ಯಾವುದೋ ಕಾಲದಲ್ಲಿ ಯಾವನೋ ಬರೆದದ್ದು ಎಂದ ಗಂಟಲಣ್ಣ. ನಮಗೆಲ್ಲ ಧೈರ್ಯ. ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಫಾರಂ ತಂದು ತೋರಿಸಿದರೆ ಮುಗಿಯಿತು. ಯಜಮಾನರೂ ಅದನ್ನೇ ಹೇಳಿದರು. ನಕ್ಕಿದ್ದು ಎಲ್ಲರೂ, ಆದ್ದರಿಂದ ಗುಮಾಸ್ತ ಎಲ್ಲರ ಎದುರಿಗೇ ಗಟ್ಟಿಯಾಗಿ ಓದಲಿ, ಸತ್ಯ ಹೊರಗೆ ಬೀಳಲಿ ಎಂದರು.

ಮೇಸ್ತ್ರಿ ಆಗ ಒಂದು ಮಾತು ಸೇರಿಸಿದ.

“ನನ್ನ ಕತೆ ಒಂದೇ ಯಾಕೆ? ಆ ಫಾರಂ ಮೊದಲ ಸಾಲಿನಿಂದ ಓದಿಸಿ. ಎಲ್ಲೆಲ್ಲಿ ಏನೇನು ಸೇರಿಸಿದಾನೋ ಗೊತ್ತಾಗ್ಲಿ.”

ಆಗಲಿ ಎಂದರು ಯಜಮಾನರು. ಅವರಿಗೇನು ಗೊತ್ತು? ಆ ಫಾರಂನ ಮೊದಲ ಪುಟಗಳಲ್ಲಿ ಇದ್ದದ್ದು ಬಾವಿಯವನ ಕೊನೆ. ಕಣಜದ ಕತೆ ಶುರುವಾಗುತ್ತಿದ್ದದ್ದು ಅದರ ಬೆನ್ನಿಗೆ.

ಗುಮಾಸ್ತ ಕನ್ನಡಕ ಏರಿಸಿ ಶುರು ಮಾಡಿದ. ‘ಬರಗಾಲ ಬಂತು. ಮುಚ್ಚಿದ ಬಾವಿಯನ್ನು ಮತ್ತೆ ತೆರೆಯದೆ ಊರಿಗೆ ಬೇರೆ ದಾರಿ ಇರಲಿಲ್ಲ...’ ಮೇಜಿನ ತುದಿಯಲ್ಲಿ ಗಣಿಯಕ್ಕ ಪಟ್ಟಿ ಕೆಳಗಿಟ್ಟು ಮುಖವೆತ್ತಿದಳು. ತನಗೆ ನಿದ್ದೆ ಕೊಟ್ಟ ಕತೆಯನ್ನು ಇನ್ನೊಮ್ಮೆ ಕೇಳಲು ಅವಳು ಸರಿಯಾಗಿ ಕೂತದ್ದನ್ನು ನೋಡಿದೆ.

ಗಂಟಲಣ್ಣ ಎದ್ದು ನಿಂತ.

“ಬೇಡ ಯಜಮಾನ್ರೇ, ಓದೋದು ಬೇಡ. ಮೇಸ್ತ್ರಿ ಹೇಳಿದ್ದು ನಿಜ. ಆ ಮೂಸೋ ಕತೆ ನಾನೇ ಕಟ್ಟಿದ್ದು.”

ಗುಮಾಸ್ತನ ಕಣ್ಣು ಹಾಳೆಯ ಮೇಲೆ ಕೆಳಗೆ ಓಡುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಹಾಳೆ ತಿರುಗಿಸಿ ಕಣಜದ ಕತೆಯನ್ನು ಕಾಣುತ್ತಿದ್ದನೇನೋ. ಅಷ್ಟರಲ್ಲಿ ಯಜಮಾನರು ಅದನ್ನು ಅವನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಒಗೆದಿದ್ದರು. ನಿನ್ನ ನಾಲಿಗೆಯನ್ನು ನಂಬಿ ಇಷ್ಟು ಜನರ ಕಿವಿ ಒಪ್ಪಿಸಿದ್ದೆನಲ್ಲೋ ಎಂದರು. ಸಿಟ್ಟಿಗಿಂತ ಅವರ ಮಾತಿನಲ್ಲಿ ನೋವೇ ಹೆಚ್ಚು. ಓದು ಅವತ್ತಿಗೆ ನಿಂತಿತು. ಗಂಟಲಣ್ಣ ಮತ್ತೆ ನೆಲಮಾಳಿಗೆಗೆ, ಅಂಟಿನ ಪಾತ್ರೆಗೆ.

ಅವನ ಮನೆ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಹೆಂಡತಿಗೆ ಎಳೆತನದಿಂದಲೇ ಕಿವುಡು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಊರೆಲ್ಲ ಮರುಳಾದ ಗಂಟಲು ನನ್ನ ಪಾಲಿಗೆ ಬರೀ ಕುಣಿಯೋ ಮೀಸೆ ಎಂದು ಅವಳೇ ನಗುತ್ತಿದ್ದಳು. ಅವತ್ತು ನಾನು ಅವನ ಜೊತೆ ಮನೆಯವರೆಗೆ ಹೋದೆ. ಅವಳು ಅವನ ಮುಖ ನೋಡಿ, ಅಂಟಿನ ಕಲೆಯಾದ ಅಂಗಿ ನೋಡಿ, ಏನಾಯಿತೆಂದು ನನ್ನನ್ನು ಕಣ್ಣಲ್ಲೇ ಕೇಳಿದಳು. ನಾನು ಹೇಳಿದೆ. ಎಲ್ಲವನ್ನೂ ಕೇಳಿ, ಅಲ್ಲ, ನೋಡಿ, ಅವಳು ಅವನಿಗೆ ಹೇಳಿದ್ದು ಒಂದೇ:

“ಒಬ್ಬರ ಗಾಯಕ್ಕೆ ಕಟ್ಟೋ ಬಟ್ಟೆನ ಇನ್ನೊಬ್ಬರ ಕತೆಯಿಂದ ಹರಿದು ತರಬಾರದಿತ್ತು ಕಣ್ರೀ.”

ಅವನು ಅಂಗಿ ಬಿಚ್ಚಿ ಮೊಳೆಗೆ ಹಾಕಿದ. ನನಗೆ ಆಗ ಆ ಮಾತು ಪೂರಾ ಅರ್ಥವಾಗಲಿಲ್ಲ.

ನೆಲಮಾಳಿಗೆಯಲ್ಲಿ ಹೊಗೆಗೆ ದಾರಿ ಇರಲಿಲ್ಲ. ಹಂಡೆಯ ದನಿಗೆ ಸೀಳು ಬಿತ್ತು, ಎರಡು ಮಾತಿಗೊಮ್ಮೆ ಕೆಮ್ಮು. ಮೇಲೆ ಹಜಾರದಲ್ಲಿ ಜಗಳಗಳು ಮತ್ತೆ ಶುರುವಾದವು. ಗಂಟಲಣ್ಣ ಮೇಸ್ತ್ರಿಯ ಮೂತಿಗೆ ತಿವಿದ ಗಂಡು ಎಂದು ಹೆಂಗಸರು ಅವನನ್ನು ಹೊಗಳಿಕೊಂಡರು. ಹೊಗಳದೆ ಸುಮ್ಮನಿದ್ದವಳು ಗಣಿಯಕ್ಕ ಒಬ್ಬಳೇ. ಅವಳು ಮತ್ತೆ ಡಬ್ಬಿ ತರುವುದನ್ನು ಬಿಟ್ಟಳು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಅಂಟು ತರಲು ಇಳಿದಿದ್ದೆ. ಅವಳೂ ಇಳಿದು ಬಂದಳು. ಸೆರಗಿನೊಳಗಿಂದ ಒಂದು ಹಾಳೆ ತೆಗೆದಳು. ಮಸಿ ಮೆತ್ತಿ ಕೆಟ್ಟಿದ್ದ, ರದ್ದಿಗೆ ಹಾಕಿದ್ದ ಫಾರಂ. ಪುಟದ ಅಂಕಿ ನೋಡಿ ಹುಡುಕಿ ತೆಗೆದು, ಸರಿಯಾಗಿ ಮಡಚಿ ಅಂಚು ಬಿಡಿಸಿಕೊಂಡು ತಂದಿದ್ದಳು.

“ಅಣ್ಣಾ, ಮೇಸ್ತ್ರಿ ಕತೆ ನೀನೇ ಕಟ್ಟಿದ್ದು ಅಂದೆ. ಹಾಗಾದ್ರೆ ನೀನು ಕಟ್ತೀಯ ಅಂತ ಆಯ್ತಲ್ಲ. ನನ್ನ ಕತೆಗೂ ಏನಾದ್ರೂ ಕಟ್ಟಿದ್ಯಾ?”

ಅವನು ಅಂಟು ತಿರುವುತ್ತಲೇ ಇದ್ದ. ಇಲ್ಲ ತಂಗಿ, ಅದು ಇದ್ದ ಹಾಗೇ ಓದಿದ್ದು ಎಂದ.

“ಗುಮಾಸ್ತರು ನನ್ನ ಕತೆ ಶುರು ಮಾಡ್ತಿದ್ದ ಹಾಗೇ ನೀನು ಎದ್ದು ನಿಂತೆ. ಅದಕ್ಕೇ ಕೇಳ್ದೆ. ಇಲ್ಲಾಂದ್ರೆ ಇಲ್ಲ. ಇನ್ನೊಂದ್ಸಲ ಓದು, ಕೇಳಿಸ್ಕೊಂಡು ಹೋಗ್ತೀನಿ.”

ಸೌಟು ಬದಿಗಿಟ್ಟು, ಕೈ ಒರೆಸಿಕೊಂಡು ಹಾಳೆ ಹಿಡಿದ. ಬೆರಳನ್ನು ಸಾಲಿನ ಮೇಲೆ ಓಡಿಸುತ್ತ, ಒಡೆದ ದನಿಯಲ್ಲಿ, ಮುದುಕ ಬಂದದ್ದು, ನೀರು ಕಲ್ಲನ್ನು ತಳ್ಳುತ್ತಿದ್ದದ್ದು, ನಿದ್ದೆ ಹೋದವನಂತೆ ಬಾವಿಯವನು ಇದ್ದದ್ದು, ಎಲ್ಲವನ್ನೂ ಹಿಂದೆ ಓದಿದ ಮಾತುಗಳಲ್ಲೇ ಓದಿದ. ‘ಮಣ್ಣು ಬಿದ್ದದ್ದು ಅವನಿಗೆ ತಿಳಿದೇ ಇರಲಿಲ್ಲ’ ಎಂದು ನಿಲ್ಲಿಸಿದ.

ಗಣಿಯಕ್ಕ ಅವನ ಬೆರಳನ್ನೇ ನೋಡುತ್ತಿದ್ದಳು. ಆ ಪುಟವನ್ನು ಎಷ್ಟು ಸಾವಿರ ಸಲ ಮಡಚಿದ್ದಳೋ. ಕತೆ ಎಲ್ಲಿ ಮುಗಿದು ಬಿಳಿ ಜಾಗ ಬರುತ್ತದೆ ಎಂಬುದು ಅವಳ ಕಣ್ಣಿಗೆ ಗೊತ್ತಿತ್ತು.

“ಇನ್ನೂ ಅರ್ಧ ಪುಟ ಇದೆಯಲ್ಲಣ್ಣ,” ಎಂದಳು.

ಅವನು ನನ್ನ ಕಡೆ ನೋಡಿದ. ನಾನೇನು ಮಾಡಲಿ? ಅಂಟು ತಳ ಹಿಡಿದು ಸೀಯುವ ವಾಸನೆ ಬರುತ್ತಿತ್ತು, ಯಾರೂ ಏಳಲಿಲ್ಲ.

“ಓದು.”

ಓದಿದ. ಈ ಸಲ ಇದ್ದದ್ದನ್ನು ಇದ್ದ ಹಾಗೆ. ಬಾವಿ ಮುಚ್ಚಿ ಎಷ್ಟೋ ವರ್ಷದ ಮೇಲೆ ಊರಿನವರು ಅಗೆಯುತ್ತಾರೆ. ಆಳಕ್ಕೆ ಹೋದಾಗ ಬಾವಿಯವನ ಹಾರೆ ಸಿಗುತ್ತದೆ. ಆಳುದ್ದದ ಹಾರೆ ಅದು. ಕುಟ್ಟಿ ಕುಟ್ಟಿ ಸವೆದು ಗೇಣುದ್ದ ಉಳಿದಿರುತ್ತದೆ. ಅದನ್ನು ಎತ್ತಿಕೊಂಡವನು ಕೈ ಸುಟ್ಟವನ ಹಾಗೆ ಬಿಟ್ಟುಬಿಡುತ್ತಾನೆ. ಹಿಡಿ ಇನ್ನೂ ಬೆಚ್ಚಗಿರುತ್ತದೆ.

“ಬೆಚ್ಚಗಿತ್ತು ಅಂತ ಬರೆದಿದ್ಯಾ?”

“ಹೂಂ.”

“ಅಷ್ಟೇನಾ?”

“ಅಷ್ಟೇ ತಂಗಿ. ಇದು ಕತೆ. ಯಾರೋ ಕೂತ್ಕೊಂಡು ಕಟ್ಟಿದ್ದು. ನಿನ್ನ ಗಂಡನಿಗೂ ಇದಕ್ಕೂ ಏನೂ ಇಲ್ಲ.”

“ಅದು ಕಟ್ಟಿದ್ದು, ಇದು ಕಟ್ಟಿದ್ದು. ನಾನು ಯಾವುದನ್ನ ನಂಬಿ ಮಲಗ್ಲಿ?” ಎಂದಳು. ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು ಮಡಿಕೆಗೆ ಮಡಿಕೆ ಕೂಡಿಸಿ ಮಡಚಿದಳು. “ನೀನು ಕೇಡಿಗೆ ಮಾಡ್ಲಿಲ್ಲ, ನಂಗೊತ್ತು. ಆದ್ರೆ ಇಷ್ಟು ದಿನ ನಾನು ನಮ್ಮೋರ ಕಡೆ ಕಿವಿ ಕೊಡದೇ ನಿದ್ದೆ ಮಾಡ್ಬಿಟ್ನಲ್ಲ ಅಣ್ಣಾ.”

ಮೆಟ್ಟಿಲು ಹತ್ತಿ ಹೋದಳು. ಸೀದ ಅಂಟನ್ನು ನಾವಿಬ್ಬರೂ ಸೇರಿ ಹೊರಗೆ ಚೆಲ್ಲಿದೆವು. ಚೆಲ್ಲುವಾಗ ಗಂಟಲಣ್ಣ, ಅದು ಒಳ್ಳೆಯ ಕತೆ, ಬರೆದವನು ಸರಿಯಾಗಿಯೇ ಬರೆದಿದ್ದ, ಕೆಡಿಸಿದ್ದು ನಾನು ಎಂದ. ಅವನು ಕತೆಯೊಂದನ್ನು ತೂಕಕ್ಕೆ ಹಾಕಿದ್ದನ್ನು ನಾನು ಕೇಳಿದ್ದು ಅದೇ ಕಡೆಯ ಸಲ.

ತಿಂಗಳು ಕಳೆಯುವುದರೊಳಗೆ ಗಣಿಯಕ್ಕ ಕೆಲಸ ಬಿಟ್ಟಳು. ಗಣಿಯ ಊರಿಗೇ ವಾಪಸ್ಸು ಹೋದಳಂತೆ, ಇಟ್ಟಿಗೆ ಕಟ್ಟಿದ ಸುರಂಗದ ಬಾಯಿಯ ಹತ್ತಿರವೇ ಕೋಣೆ ಹಿಡಿದಿದ್ದಾಳಂತೆ ಎಂದು ಸುದ್ದಿ ಬಂತು. ಯಜಮಾನರು ಒಂದು ದಿನ ಆ ಪುಸ್ತಕವನ್ನು ತಾವೇ ಓದಿ, ಕಣಜದ ಕತೆ ಅದರಲ್ಲೇ ಇರುವುದನ್ನು ಕಂಡು, ಗಂಟಲಣ್ಣನನ್ನು ಕರೆಸಿ ಯಾಕೆ ಸುಳ್ಳು ಒಪ್ಪಿಕೊಂಡೆ ಎಂದು ಕೇಳಿದರು. ಅವನು ಕೆಮ್ಮಿದ, ಅಷ್ಟೇ. ಮತ್ತೆ ಸ್ಟೂಲು ಹತ್ತು ಎಂದರು. ಗಂಟಲು ಕೆಟ್ಟಿದೆ ಎಂದು ಕೈಮುಗಿದು ಇಳಿದು ಬಂದ. ಗಂಟಲು ಕೆಟ್ಟಿದ್ದೂ ನಿಜವೇ.

ಚಳಿ ಬಿದ್ದ ಮೇಲೆ ಅವನು ರಜೆ ಕೇಳಿ ಗಣಿಯ ಊರಿಗೆ ಹೋದ. ಅವಳನ್ನು ಕರೆದುಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಹೊರಟವನು ಒಬ್ಬನೇ ಬಂದ. ನನ್ನ ಬೆಂಚಿನ ಮಗ್ಗುಲಲ್ಲಿ ಕೂತ. ಏನಾಯಿತೆಂದು ಕೇಳಿದೆ.

ಅವಳು ಚೆನ್ನಾಗಿಯೇ ಮಾತಾಡಿಸಿದಳಂತೆ. ಪಕ್ಕದ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳಂತೆ. ಕೋಣೆಯಲ್ಲಿ ಮಂಚ ಇಲ್ಲ, ಬರೀ ನೆಲ.

“ಹೊರಡೋ ದಿನ ಅವಳ ಎದುರಿಗೇ ನೆಲಕ್ಕೆ ಕಿವಿ ಇಟ್ಟೆ ಕಣೋ. ಬಹಳ ಹೊತ್ತು ಇಟ್ಟೆ. ಏನೂ ಇಲ್ಲ. ಮಣ್ಣು ಮಣ್ಣೇ. ‘ಏನೂ ಕೇಳಿಸ್ತಿಲ್ಲ ತಂಗಿ, ನಿಜವಾಗ್ಲೂ ಏನೂ ಇಲ್ಲ’ ಅಂದೆ.”

“ಅದಕ್ಕೇನಂದ್ಲು?”

“‘ನೀನು ಹಾಗೇ ಹೇಳ್ತೀಯ ಅಣ್ಣ’ ಅಂದ್ಲು. ಕೋಪ ಏನಿಲ್ಲ. ಊಟ ಬಡಿಸಿದ್ಲು.”